ಹಳೇ ಬೆಡ್‌ಶೀಟಿನ ಮೇಲೆ ಒಂದು ಪಂಪು

ನಮ್ಮ ಮನೆಯಲ್ಲಿ ಯಾವ ಯಂತ್ರ ಬಿಚ್ಚುವುದಿದ್ದರೂ ಮೊದಲು ಒಂದು ಹಳೇ ಬೆಡ್‌ಶೀಟ್ ಹಾಸಬೇಕು. ಅದು ನಮ್ಮವರ, ಅಂದರೆ ನನ್ನ ಯಜಮಾನರ, ಕಟ್ಟಳೆ. ಮಿಕ್ಸಿ ಕೆಟ್ಟರೂ ಅಷ್ಟೇ, ಟೇಬಲ್ ಫ್ಯಾನ್ ಕೆಟ್ಟರೂ ಅಷ್ಟೇ. ಮೊದಲು ಕಳಚಿದ ಸ್ಕ್ರೂ ಎಡಗಡೆಯ ತುದಿಗೆ, ಅದರ ಬಲಕ್ಕೆ ಮುಚ್ಚಳ, ಅದರ ಬಲಕ್ಕೆ ಒಳಗಿನದ್ದು, ಹೀಗೆ ಸಾಲಾಗಿ ಇಡುತ್ತಾ ಹೋಗುವುದು. ಜೋಡಿಸುವಾಗ ಬಲದಿಂದ ಎಡಕ್ಕೆ ಬರುವುದು. "ಬಂದ ದಾರಿಯಲ್ಲೇ ವಾಪಸು ಹೋದರೆ ಯಾರೂ ದಾರಿ ತಪ್ಪುವುದಿಲ್ಲ" ಎನ್ನುತ್ತಿದ್ದರು. ಆ ಸಾಲನ್ನು ಯಾರೂ ದಾಟಬಾರದು, ಅಲ್ಲಿ ಗುಡಿಸಬಾರದು, ಮೇಲಿನ ಫ್ಯಾನ್ ಜೋರಾಗಿ ಹಾಕಬಾರದು. ನಾನು ದೇವರ ಮುಂದೆ ಮಡಿ ಎಂದರೆ ನಗುತ್ತಿದ್ದ ಮನುಷ್ಯ ಬೆಡ್‌ಶೀಟಿನ ವಿಷಯಕ್ಕೆ ಬಂದರೆ ನನಗಿಂತ ದೊಡ್ಡ ಮಡಿವಂತ.

ಅವರ ನೌಕರಿಯೂ ಅಂಥದ್ದೇ. ದೆಹಲಿಗೆ ತಾಗಿದ ಗಾಜಿಯಾಬಾದ್ ಕಡೆಯ ಒಂದು ಪಂಪಿನ ಕಾರ್ಖಾನೆಯಲ್ಲಿ ಡ್ರಾಯಿಂಗ್ ಸೆಕ್ಷನ್. ಮದುವೆಯಾಗಿ ನಾನು ಬಂದಾಗ ಮರದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೀರುತ್ತಿದ್ದರು, ಸಂಜೆ ಬಂದಾಗ ಅಂಗಿಯ ತೋಳಿನ ತುದಿ ಕಪ್ಪಗಿರುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ತೋಳು ಬೆಳ್ಳಗಾಯಿತು. ಸಾಬೂನು ಉಳಿಯಿತು ಎಂದು ನಾನು ಖುಷಿಪಟ್ಟಿದ್ದೆ. ನಾವು ಕುಂದಾಪುರದ ಕಡೆಯವರು. ನಮ್ಮ ಕಡೆಯವರು ದೆಹಲಿಗೆ ಬಂದರೆ ಹೋಟೆಲಿಗೇ ಬಂದದ್ದು ಎಂದು ಎಲ್ಲರೂ ತಿಳಿಯುತ್ತಾರೆ. ಇಂದಿರಾಪುರದ ನಮ್ಮ ಸೊಸೈಟಿಯಲ್ಲಿ ಪಕ್ಕದ ಫ್ಲಾಟಿನ ಪಂಜಾಬಿ ಹೆಂಗಸು ಸುಮಾರು ಕಾಲದವರೆಗೂ "ನಿಮ್ಮ ದೋಸೆ ಅಂಗಡಿ ಎಲ್ಲಿದೆ?" ಎಂದೇ ಕೇಳುತ್ತಿದ್ದಳು. ಇವರು ಪಂಪಿನ ಚಿತ್ರ ಬರೆಯುತ್ತಾರೆ ಎಂದರೆ, "ಅಚ್ಛಾ, ಆರ್ಟಿಸ್ಟ್" ಎಂದಳು. ಅದೂ ಪೂರ್ತಿ ಸುಳ್ಳಲ್ಲ.

ಪಂಪು ಕೊಂಡವರಿಗೆ ಅದರ ಜೊತೆ ಒಂದು ಪುಸ್ತಕ ಕೊಡುತ್ತಾರೆ. ಅದರೊಳಗೆ ಒಂದು ಚಿತ್ರ ಇರುತ್ತದೆ, ಇಡೀ ಪಂಪು ಬಿಚ್ಚಿಕೊಂಡು ಗಾಳಿಯಲ್ಲಿ ನಿಂತ ಹಾಗೆ. ನಟ್ಟು, ಮುಚ್ಚಳ, ಚಕ್ರ, ಬೇರಿಂಗ್, ಎಲ್ಲವೂ ಒಂದೇ ಗೆರೆಯ ಮೇಲೆ ಬಿಡಿಬಿಡಿಯಾಗಿ, ಯಾವುದು ಎಲ್ಲಿಂದ ಹೊರಬಂತು ಎಂದು ತೋರಿಸಲು ನಡುವೆ ಚುಕ್ಕಿಗೆರೆ. ರಿಪೇರಿಯವನು ಅದನ್ನು ನೋಡಿಕೊಂಡೇ ಬಿಚ್ಚಬೇಕು, ಅದನ್ನು ನೋಡಿಕೊಂಡೇ ಜೋಡಿಸಬೇಕು. ಅದಕ್ಕೆ ಎಕ್ಸ್‌ಪ್ಲೋಡೆಡ್ ವ್ಯೂ, ಅಂದರೆ ಸಿಡಿದ ನೋಟ ಎಂದು ಹೆಸರು. ಆ ಕಾರ್ಖಾನೆಯಲ್ಲಿ ಅದನ್ನು ಮಾಡುವುದರಲ್ಲಿ ನಮ್ಮವರದ್ದೇ ಕೈ.

"ಪಪ್ಪಾ ಬಾಂಬ್ ಫೋಡ್‌ತಾರೆ" ಎಂದು ಮಗಳು ಚಿಕ್ಕವಳಿದ್ದಾಗ ಸ್ಕೂಲಿನಲ್ಲಿ ಹೇಳಿ ಬಂದಿದ್ದಳು. ದೆಹಲಿಯಲ್ಲಿ ಹೇಳುವ ಮಾತೇ ಅದು? ಟೀಚರು ನನ್ನನ್ನು ಕರೆಸಿ ಕೇಳಿದ್ದರು.

ಮಗಳ ಓದಿಗೆಂದು ತಂದ ಕಂಪ್ಯೂಟರಿನಲ್ಲಿ ಅವರು ಆಫೀಸಿನ ಸಾಫ್ಟ್‌ವೇರ್ ಹಾಕಿಸಿಕೊಂಡು ಭಾನುವಾರವೂ ಕೂರುತ್ತಿದ್ದರು. ನಾನು ಹತ್ತಿರ ಕೂತು ಬೀನ್ಸ್ ಸೋಸುತ್ತಾ ನೋಡುತ್ತಿದ್ದೆ. ಮೊದಲು ಪಂಪು ಇಡಿಯಾಗಿ ಇರುತ್ತದೆ. ಒಂದು ಭಾಗದ ಮೇಲೆ ಮೌಸ್ ಒತ್ತಿದರೆ ಅದಕ್ಕೆ ಮೂರು ಬಣ್ಣದ ಮೂರು ಬಾಣ ಹುಟ್ಟುತ್ತವೆ. ಯಾವ ಬಾಣ ಹಿಡಿದು ಎಳೆದರೆ ಆ ದಿಕ್ಕಿಗೆ ಅದು ಸರಿಯುತ್ತದೆ. ಹೀಗೆ ಒಂದಾದ ಮೇಲೊಂದು. ನೀವು ಎಳೆದ ಕ್ರಮವನ್ನು ಅದು ನೆನಪಿಟ್ಟುಕೊಂಡಿರುತ್ತದೆ. ಕೊನೆಗೆ ಒಂದು ಗುಂಡಿ ಒತ್ತಿದರೆ ಕೊನೆಗೆ ಬಂದದ್ದು ಮೊದಲು, ಮೊದಲು ಬಂದದ್ದು ಕೊನೆಗೆ, ಎಲ್ಲ ತಂತಮ್ಮ ಮನೆಗೆ ಹೋಗಿ ಸೇರಿಕೊಳ್ಳುತ್ತವೆ. ನನಗೆ ಅದು ನೋಡಲು ಬಹಳ ಸಮಾಧಾನ. "ಇನ್ನೊಂದು ಸಲ ಮುಚ್ಚಿ ತೋರಿಸಿ" ಎನ್ನುತ್ತಿದ್ದೆ.

"ನಿನಗೆಂತ, ಸಿನಿಮಾವಾ?" ಎಂದು ಗೊಣಗುತ್ತಲೇ ತೋರಿಸುತ್ತಿದ್ದರು.

ನಮ್ಮಲ್ಲಿ ಅತ್ತೆಯವರು ಕೊಟ್ಟ ಹಿತ್ತಾಳೆಯ ಕಾಲುದೀಪ ಒಂದಿದೆ. ಸೊಂಟದೆತ್ತರ. ಪೀಠ, ಕಂಬದ ತುಂಡುಗಳು, ಜಿಡ್ಡು ಬೀಳುವ ತಟ್ಟೆ, ಎಣ್ಣೆಯ ಬಟ್ಟಲು, ತುದಿಗೆ ಹಂಸ. ಎಲ್ಲ ತಿರುಪಿನಲ್ಲಿ ಒಂದಕ್ಕೊಂದು ಕೂರುವಂಥದ್ದು. ಗುರುವಾರ ಸಂಜೆ ಬಿಚ್ಚಿ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನನ್ನ ಕೆಲಸ, ಜೋಡಿಸಿ ಬಿಗಿ ಮಾಡುವುದು ಅವರದ್ದು. ಪೂಜೆಗೆ ಕೂರದಿದ್ದರೂ ಅದೊಂದು ಕೆಲಸ ತಪ್ಪಿಸಿದವರಲ್ಲ. ದೇವರಿಗೆ ಅಷ್ಟು ಸಾಕು ಎಂದು ನಾನೂ ಸುಮ್ಮನಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಬತ್ತಿ ಹಾಕಲು ಹೋದರೆ ತಟ್ಟೆ ಬಟ್ಟಲಿನ ಮೇಲೆ ಕೂತಿದೆ. ಹಂಸ ತಟ್ಟೆಯ ಮೇಲೆ. ಎಣ್ಣೆ ಹಾಕುವುದು ಎಲ್ಲಿಗೆ?

"ಏನ್ರೀ, ನಿದ್ದೆಯಲ್ಲಿ ಜೋಡಿಸಿದ್ರಾ?" ಎಂದೆ.

ಬಂದು ನೋಡಿದರು. ಬಹಳ ಹೊತ್ತು ನೋಡಿದರು. "ಸರಿಯೇ ಉಂಟಲ್ಲ" ಎಂದರು.

ತಮಾಷೆ ಎಂದುಕೊಂಡು ನಕ್ಕು ನಾನೇ ಬಿಚ್ಚಿ ಸರಿಮಾಡಿದೆ. ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಬನಿಯನ್ ಅಂಗಿಯ ಮೇಲೆ ಹಾಕಿಕೊಂಡು ಬಾಗಿಲವರೆಗೆ ಹೋದರು. ಹಲ್ಲುಜ್ಜಿ ಬಾಯಿ ತೊಳೆದು ಆಮೇಲೆ ಪೇಸ್ಟ್ ಹುಡುಕಿದರು. ಮಾತು ಸರಿ, ಲೆಕ್ಕ ಸರಿ, ನನ್ನ ತವರಿನ ಜಗಳಗಳೆಲ್ಲ ಇಸವಿ ಸಮೇತ ನೆನಪು. ತಪ್ಪುತ್ತಿದ್ದದ್ದು ಹಿಂದು ಮುಂದು ಮಾತ್ರ. ಸೆಕೆಗೆ ತಲೆ ಓಡುವುದಿಲ್ಲ ಎಂದರು. ಏಪ್ರಿಲ್ ಆಗಿತ್ತು, ನಾನೂ ಒಪ್ಪಿಕೊಂಡೆ.

ಆಫೀಸಿನಲ್ಲೂ ಗೊತ್ತಾಯಿತು. ಅಲ್ಲಿನ ಮೇಲಧಿಕಾರಿ ಮೇರಠ್ ಕಡೆಯವರು, ವಯಸ್ಸಿನಲ್ಲಿ ಇವರಿಗಿಂತ ಬಹಳ ಚಿಕ್ಕವರು. ಕೆಲಸಕ್ಕೆ ಸೇರಿದಾಗ ಪೆನ್ಸಿಲ್ ಹಿಡಿಯುವುದರಿಂದ ಹಿಡಿದು ಕಲಿಸಿದ್ದು ನಮ್ಮವರೇ. ಅದನ್ನು ಮರೆಯದ ಮನುಷ್ಯ. ಒಂದು ಸಂಜೆ ಮನೆಗೇ ಬಂದರು. ಚಹಾ ಕೊಟ್ಟೆ, ಮುಟ್ಟಲಿಲ್ಲ. ಕಂಪ್ಯೂಟರ್ ಹಾಕಿಸಿ ತಾವು ತಂದ ಸಿಡಿಯಿಂದ ಇವರು ಮಾಡಿದ ಚಿತ್ರ ತೆರೆದರು. ಪಂಪು ಬಿಚ್ಚಿಕೊಂಡು ನಿಂತಿತ್ತು. ನನ್ನ ಕಣ್ಣಿಗೆ ಎಲ್ಲ ಚೆನ್ನಾಗಿಯೇ ಕಂಡಿತು.

"ಭಾಭಿಜಿ, ಈಗ ನೋಡಿ" ಎಂದು ಮುಚ್ಚುವ ಗುಂಡಿ ಒತ್ತಿದರು.

ಮುಂದಿನ ಮುಚ್ಚಳ ಮೊದಲೇ ಹೋಗಿ ಕೂತುಬಿಟ್ಟಿತು. ಆಮೇಲೆ ಬೇರಿಂಗ್ ಬಂತು. ಬಂದು, ಮುಚ್ಚಿದ ಆ ಕಬ್ಬಿಣದ ಮುಚ್ಚಳದ ಒಳಗಿಂದ ನೀರಿನಲ್ಲಿ ಕೈ ಹಾಕಿದ ಹಾಗೆ ತೂರಿ ಹೋಯಿತು. ಅದರ ಹಿಂದೆ ನೀರು ತಳ್ಳುವ ಚಕ್ರವೂ ತೂರಿತು. ಯಾವುದೂ ಯಾವುದಕ್ಕೂ ತಗಲಲಿಲ್ಲ, ಯಾವುದೂ ನಿಲ್ಲಲಿಲ್ಲ. ಕೊನೆಗೆ ಪಂಪು ಇಡಿಯಾಗಿ, ಏನೂ ಆಗದ ಹಾಗೆ ನಿಂತಿತು.

"ಕಂಪ್ಯೂಟರ್ ತಡೆಯೋದಿಲ್ಲ" ಎಂದರು ಅವರು ಮೆಲ್ಲಗೆ. "ನಾವು ಎಳೆದ ಹಾಗೆ ಅದು ಎಳೆಯುತ್ತೆ. ಕಬ್ಬಿಣದೊಳಗೆ ಕಬ್ಬಿಣ ಹೋದರೂ ಅದಕ್ಕೇನೂ ಅನಿಸೋದಿಲ್ಲ."

ನಮ್ಮವರು ಪರದೆಯನ್ನೇ ನೋಡುತ್ತಿದ್ದರು. "ಮುಚ್ಚಿತಲ್ಲ" ಎಂದರು. "ಎಂತ ತಪ್ಪು?"

ದೀಪದ ಮುಂದೆ ನಿಂತು ಅವರು ಹೇಳಿದ ಮಾತಿನ ಧಾಟಿಯೂ ಅದೇ ಆಗಿತ್ತು.

ಲಿಫ್ಟಿನ ಹತ್ತಿರ ಅಧಿಕಾರಿಗಳನ್ನು ಬಿಡಲು ಹೋದಾಗ ಬಿಚ್ಚಿ ಹೇಳಿದರು. ಕಾರ್ಖಾನೆಗೆ ಹೊಸ ಮಾಲೀಕರು ಬಂದಿದ್ದಾರೆ, ಡ್ರಾಯಿಂಗ್ ಸೆಕ್ಷನ್ನಿನ ಜನ ಕಮ್ಮಿ ಮಾಡುತ್ತಿದ್ದಾರೆ. ಇವರ ಚಿತ್ರಗಳು ತಪ್ಪಾಗಿವೆ ಎಂದು ಮೇಲೆ ಸುದ್ದಿ ಹೋಗಿದೆ. "ಇನ್ನೊಂದು ಪಂಪಿದೆ. ಸಣ್ಣದು. ಮಳೆ ಶುರುವಾಗುವ ಮೊದಲು ಅದೊಂದನ್ನ ಸರ್‌ಜಿ ತಾವೇ ಸರಿಯಾಗಿ ಮಾಡಿಕೊಟ್ಟರೆ ನಾನು ಅದನ್ನೇ ತೋರಿಸಿ ಅವರ ಕುರ್ಚಿ ಉಳಿಸ್ತೇನೆ. ಮಾಡದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ." ಲಿಫ್ಟ್ ಬಂತು. ಅವರು ಹತ್ತಲಿಲ್ಲ. "ನಿಜವಾದ ಪಂಪನ್ನೇ ಮನೆಗೆ ಕಳಿಸ್ತೇನೆ ಭಾಭಿಜಿ. ಕೈಯಲ್ಲಿ ಬಿಚ್ಚಿ ನೋಡಲಿ. ನಿಜವಾದ ಕಬ್ಬಿಣ ತಪ್ಪು ದಾರಿಗೆ ಬಿಡೋದಿಲ್ಲವಲ್ಲ."

ಅಂಥ ಮನುಷ್ಯನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ದೇವರ ದಯೆಯೇ. ಬೇರೆ ಯಾರಾದರೂ ಆಗಿದ್ದರೆ ಮನೆಯವರೆಗೆ ಬರುತ್ತಿದ್ದರೇ? ಆ ಕಾಲದಲ್ಲಿ ನಾನು ಇಂಥದ್ದನ್ನೆಲ್ಲ ಹೆಕ್ಕಿ ಹೆಕ್ಕಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದೆ.

ಪಂಪು ಆಫೀಸಿನ ವ್ಯಾನಿನಲ್ಲಿ ಬಂತು, ಅನ್ನದ ಕುಕ್ಕರಿನಷ್ಟು ದೊಡ್ಡದು, ತೂಕ ಮಾತ್ರ ಅಕ್ಕಿ ಮೂಟೆಯದ್ದು. ನಮ್ಮದು ಎರಡು ಕೋಣೆಯ ಫ್ಲಾಟು. ಹಾಲ್‌ನಲ್ಲಿ ಮಗಳ ಓದು. ಗ್ರೀಸ್ ವಾಸನೆಗೆ ಅವಳು ಮೂಗು ಮುಚ್ಚಿಕೊಂಡಳು. ಕೊನೆಗೆ ಬಾಲ್ಕನಿಯಲ್ಲಿ ಹಳೇ ಬೆಡ್‌ಶೀಟ್ ಹಾಸಿದೆ. ಅಂದು ಬೆಳಿಗ್ಗೆ ದೇವರಿಗೆ ಒಂದು ತುಪ್ಪದ ಬತ್ತಿ ಹೆಚ್ಚು ಹಚ್ಚಿದ್ದೆ.

ಅವರು ಸ್ಪ್ಯಾನರ್ ಹಿಡಿದು ಕೂತದ್ದೇ ಬೇರೆ ಮನುಷ್ಯ. ಕೈ ತಡವರಿಸಲಿಲ್ಲ. ಮುಂದಿನ ಮುಚ್ಚಳದ ಬೋಲ್ಟುಗಳು ಬಂದವು, ಮುಚ್ಚಳ ಬಂತು. ನಟ್ಟು, ರೆಕ್ಕೆಯ ಚಕ್ರ, ನೀರು ತಡೆಯುವ ಸೀಲ್, ಹಿಂದಿನ ಮುಚ್ಚಳ, ಬೇರಿಂಗನ್ನು ಹಿಡಿದಿಡುವ ಸ್ಪ್ರಿಂಗಿನ ಬಳೆ, ಬೇರಿಂಗ್, ಶಾಫ್ಟ್. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಎಡದಿಂದ ಬಲಕ್ಕೆ ಇಟ್ಟರು. ಎಲ್ಲಾದರೂ ತಪ್ಪು ಕಡೆ ಕೈ ಹಾಕಿದರೆ ಆ ಭಾಗ ಅಲ್ಲಾಡುತ್ತಲೇ ಇರಲಿಲ್ಲ. ಅವರು ಮತ್ತೊಂದಕ್ಕೆ ಕೈ ಹಾಕುತ್ತಿದ್ದರು. ಅಧಿಕಾರಿಗಳು ಹೇಳಿದ್ದು ನಿಜವಾಗಿತ್ತು, ಕಬ್ಬಿಣ ದಾರಿ ತೋರಿಸಿತು.

"ನೋಡಿದ್ಯಾ?" ಎಂದರು ನನಗೆ. "ನನ್ನ ತಲೆ ಕೆಟ್ಟಿದೆ ಅಂತ ಇಬ್ಬರೂ ಸೇರಿ ಲಿಫ್ಟಿನ ಹತ್ತಿರ ಮಾತಾಡಿದ್ದು ನನಗೆ ಕೇಳಿಸಿಲ್ಲ ಅಂದ್ಕೊಂಡಿದ್ಯಾ ಮಾರಾಯ್ತಿ?"

"ತಲೆ ಕೆಟ್ಟಿದೆ ಅಂತ ಅವರು ಹೇಳಲಿಲ್ಲ. ನಾನು ಮದುವೆಯಾದಾಗಿನಿಂದ ಹೇಳ್ತಿದ್ದೇನೆ, ಅದು ಬೇರೆ."

ನಕ್ಕರು. ಮಗಳು ಒಳಗಿಂದ ಕೂಗಿದಳು, "ಪಪ್ಪಾ, ಫೋಟೋ ತೆಗೆದಿಡಿ ನಾ. ಬಾದ್ ಮೇಂ ಕೆಲಸಕ್ಕೆ ಬರ್ತದೆ."

"ಫೋಟೋ ಬೇಕಾ ನನಗೆ? ಇದೇ ಫೋಟೋ" ಎಂದು ಸಾಲನ್ನು ತೋರಿಸಿದರು. ಆಗ ನಮ್ಮ ಮನೆಯಲ್ಲಿದ್ದದ್ದು ರೀಲಿನ ಕ್ಯಾಮೆರಾ, ಅದರಲ್ಲಿ ರೀಲೂ ಇರಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ.

ಕೆಲಸ ಹೀಗೆ ನಡೆಯಿತು: ಬಾಲ್ಕನಿಗೆ ಹೋಗಿ ಎಡತುದಿಯದ್ದನ್ನು ನೋಡುವುದು, ಒಳಗೆ ಬಂದು ಪರದೆಯಲ್ಲಿ ಅದನ್ನು ಹಿಡಿದು ಎಳೆಯುವುದು. ಮತ್ತೆ ಹೋಗುವುದು, ಅದರ ಬಲಕ್ಕಿರುವುದನ್ನು ನೋಡುವುದು, ಬಂದು ಎಳೆಯುವುದು. ನಾನು ಬಾಲ್ಕನಿಯ ಬಾಗಿಲಲ್ಲಿ ಕೂತು ಹೇಳುತ್ತಿದ್ದೆ, "ಮುಚ್ಚಳ ಆಯ್ತು, ಈಗ ನಟ್ಟು." ಎರಡು ಮೂರು ಎಳೆದಾದ ಮೇಲೆ ಮುಚ್ಚಿ ನೋಡಿದರು. ಸರಿಯಾಗಿ ಮುಚ್ಚಿತು. ಒಂದೂ ಇನ್ನೊಂದರೊಳಗೆ ತೂರಲಿಲ್ಲ. ನಾನು ಅಲ್ಲೇ ಕೂತು ಕೈಮುಗಿದೆ.

ಊಟದ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ಸು ಕೂಗಲು ಶುರುಮಾಡಿತು. ಮಾಡಿದ್ದನ್ನು ಉಳಿಸಿ ಕಂಪ್ಯೂಟರ್ ಆರಿಸಿದರು. ಮೊಸರನ್ನ ಉಂಡು, ಒದ್ದೆ ಟವೆಲ್ ಎದೆಯ ಮೇಲೆ ಹಾಕಿಕೊಂಡು ನೆಲದ ಮೇಲೆ ಮಲಗಿದರು. ಎಷ್ಟೋ ವಾರಗಳ ಮೇಲೆ ಗೊರಕೆ ಕೇಳಿಸಿತು. ಮಗಳು ಟ್ಯೂಷನ್ನಿಗೆ ಹೋದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಮಗುಚುತ್ತಿದ್ದೆ.

ದೆಹಲಿಯ ಆಂಧಿ, ಆ ಧೂಳಿನ ಬಿರುಗಾಳಿ, ನೋಡದವರಿಗೆ ಹೇಳುವುದು ಕಷ್ಟ. ಬಿಸಿಲು ಇದ್ದದ್ದು ಇದ್ದ ಹಾಗೆ ಹಳದಿಯಾಯಿತು, ಆಮೇಲೆ ಕೆಂಪಾಯಿತು, ಎದುರಿನ ಟವರು ಕಾಣದಾಯಿತು. ಗಾಳಿಗಿಂತ ಮೊದಲು ಸದ್ದು ಬರುತ್ತದೆ. ಎಲ್ಲ ಮನೆಯ ಬಾಗಿಲುಗಳೂ ಒಟ್ಟಿಗೆ ಬಡಿದುಕೊಂಡವು. ನಾನು ಓಡಿದೆ. ಹಗ್ಗದ ಮೇಲಿನ ಬಟ್ಟೆ ಆಗಲೇ ಹಾರಿ ಹೋಗಿತ್ತು. ಬೆಡ್‌ಶೀಟಿನ ಒಂದು ಮೂಲೆ ಎದ್ದು ಪಟಪಟ ಎನ್ನುತ್ತಿತ್ತು, ಸಣ್ಣ ವಾಷರುಗಳು ಕಂಬಿಯ ಸಂದಿನ ಕಡೆ ಉರುಳುತ್ತಿದ್ದವು. ಆ ಸಂದಿನ ಆಚೆ ಎಂಟು ಮಹಡಿ ಕೆಳಗೆ ಕಾರುಗಳು, ಮಕ್ಕಳು. ನಾನು ಎರಡು ಕೈಯಲ್ಲಿ ವಾಷರುಗಳನ್ನು ಬಾಚಿ ಹಾಸಿನ ಮೇಲೆ ಹಾಕಿದೆ. ನಾಲ್ಕು ಮೂಲೆ ಸೇರಿಸಿದೆ. ಒಣಹಾಕಿದ ಸಂಡಿಗೆ, ಹಪ್ಪಳವನ್ನು ಮಳೆ ಬಂದಾಗ ಎತ್ತುವ ಹಾಗೆ ಗಂಟು ಮಾಡಿ, ಎಳೆದುಕೊಂಡು ಒಳಗೆ ಬಂದು ಬಾಗಿಲು ಹಾಕಿದೆ. ಗಂಟಿನೊಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು ಕೇಳಿಸಿತು. ಮೈತುಂಬ ಮಣ್ಣು, ಬಾಯೊಳಗೂ ಮಣ್ಣು. ಆದರೂ ಒಂದು ವಾಷರೂ ಹೋಗಲಿಲ್ಲ, ಯಾರ ತಲೆಯ ಮೇಲೂ ಬೀಳಲಿಲ್ಲ. ದೇವರು ದೊಡ್ಡವನು ಎಂದು ಬಾಗಿಲಿಗೆ ಒರಗಿ ಉಸಿರು ಬಿಟ್ಟೆ.

ಸದ್ದಿಗೆ ಅವರು ಎದ್ದು ಕೂತಿದ್ದರು. ಗಂಟನ್ನು ನೋಡುತ್ತಿದ್ದರು.

ಆಗ ನನಗೆ ಹೊಳೆಯಿತು, ಕೈಯಲ್ಲಿ ಹಿಡಿದದ್ದು ಹಪ್ಪಳವಲ್ಲ ಎಂದು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ. ನಾನೇ ಬಿಚ್ಚಿದ್ದಲ್ವಾ" ಎಂದು ಹತ್ತಿರ ಬಂದು ಗಂಟು ಬಿಡಿಸಿದರು. ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು. ಮೊದಲು ಚಕ್ರವನ್ನು ಎತ್ತಿದರು. "ಇಂಪೆಲ್ಲರ್" ಎಂದರು. ಬಳೆಯನ್ನು ಎತ್ತಿದರು. "ಸರ್ಕ್ಲಿಪ್." ಸೀಲ್ ಎತ್ತಿ ಅದರ ತುಟಿಯನ್ನು ಬೆರಳಲ್ಲಿ ಸವರಿದರು. ಒಂದರ ಹೆಸರೂ ತಪ್ಪಲಿಲ್ಲ. ಯಾವ ಲೋಹ, ಯಾಕೆ ಆ ಲೋಹ, ಯಾವುದು ಬೇಗ ಸವೆಯುತ್ತದೆ, ಎಲ್ಲ ಹೇಳಿದರು. ಶಾಫ್ಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೇರಿಂಗನ್ನು ಒಂದು ಕೈಯಲ್ಲಿ, ಬಳೆಯನ್ನು ಒಂದು ಕೈಯಲ್ಲಿ ಹಿಡಿದರು. ಬಳೆಯನ್ನು ಮೊದಲು ಹಾಕಿದರು. ಬೇರಿಂಗ್ ಹೋಗಲಿಲ್ಲ. ತೆಗೆದರು. ಚಕ್ರ ಹಾಕಿದರು. ತೆಗೆದರು. ಮತ್ತೆ ಬಳೆ ಹಾಕಿದರು.

ಕಬ್ಬಿಣ ಬಿಡುತ್ತಿರಲಿಲ್ಲ. ಬಿಚ್ಚುವಾಗ ದಾರಿ ತೋರಿಸಿದ್ದ ಕಬ್ಬಿಣ ಈಗ ಬೇಡ ಬೇಡ ಎಂದಷ್ಟೇ ಹೇಳುತ್ತಿತ್ತು. ಹಾಗಾದರೆ ಯಾವುದು ಬೇಕು ಎನ್ನುವುದನ್ನು ಹೇಳುವವರಿರಲಿಲ್ಲ.

ಹೊರಗೆ ಗಾಳಿ ನಿಂತು ನಾಲ್ಕು ಹನಿ ಬಿತ್ತು. ಮಗಳು ಒದ್ದೆಯಾಗಿ ಬಂದಳು. ಅಪ್ಪನನ್ನು ನೋಡಿದಳು, ಬಿಡಿ ಭಾಗಗಳನ್ನು ನೋಡಿದಳು. ಚಪ್ಪಲಿ ಬಿಡುವುದನ್ನು ಮರೆತು ನಿಂತಳು. ಫೋಟೋದ ಮಾತು ಅವಳು ಆಗಲೂ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ.

ನಾನು ಹತ್ತಿರ ಕೂತೆ. ಅವರು ಎಳೆಯುವಾಗ ನಾನೇ ಬಾಗಿಲಲ್ಲಿ ಕೂತು ಹೇಳುತ್ತಿದ್ದೆನಲ್ಲ, ಅರ್ಧಕ್ಕರ್ಧ ನನಗೆ ನೆನಪಿತ್ತು. ಉಳಿದದ್ದು ಅವರೇ ಹಿಂದೆ ಮಾಡಿದ ಇಂಥದ್ದೇ ಪಂಪಿನ ಪುಸ್ತಕದಲ್ಲಿ ಇತ್ತು. ಮೌಸ್ ಹಿಡಿಯಲು ನನಗೂ ಬರುತ್ತಿತ್ತು.

"ನಾನು ಎಳೆಯಲಾ?" ಎಂದೆ. "ಯಾರಿಗೆ ಗೊತ್ತಾಗ್ತದೆ?"

ತಲೆ ಎತ್ತದೆ ಹೇಳಿದರು: "ಎಳಿ. ಆಮೇಲೆ ಸೋಮವಾರ ನನ್ನ ಪ್ಯಾಂಟ್ ಹಾಕ್ಕೊಂಡು ಆಫೀಸಿಗೂ ನೀನೇ ಹೋಗು."

ಸಂಜೆ ದೀಪ ಹಚ್ಚುವ ಹೊತ್ತಾಯಿತು. ನೆಲದ ಮೇಲೆ ಅಷ್ಟು ಹರಡಿಕೊಂಡಿರುವಾಗ ನಾನು ದೀಪ ಹಚ್ಚಿದವಳಲ್ಲ. ಅಂದು ಹಚ್ಚಿದೆ. ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಕುರ್ಚಿ ಉಳಿಸು ಎನ್ನುವುದೋ, ಅದಕ್ಕಿಂತ ದೊಡ್ಡದು ಏನೋ ಹೋಗುತ್ತಿದೆ, ಅದನ್ನು ಉಳಿಸು ಎನ್ನುವುದೋ. ಎರಡೂ ಕೇಳಿದರೆ ಆಸೆಬುರುಕಿ ಅನಿಸಿಕೊಂಡೇನೆಂದು ಸುಮ್ಮನೆ ನಿಂತೆ.

ಮರುದಿನ ಅವರೇ ಹೇಳಿದರು, "ಡಾಕ್ಟರ ಹತ್ತಿರ ಹೋಗುವ." ಅದುವರೆಗೆ ನಾನು ಹೇಳಿದಾಗಲೆಲ್ಲ ಗದರಿಸಿದ್ದವರು.

ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತು, ಚೀಟಿ ಮಾಡಿಸಿ, ಮತ್ತೊಂದು ಸಾಲಿನಲ್ಲಿ ನಿಂತೆವು. ತಲೆಯ ಡಾಕ್ಟರು ವಯಸ್ಸಾದ ಹೆಂಗಸು. ಹೆಸರು, ಊರು, ದೇಶದ ಪ್ರಧಾನಿ ಎಲ್ಲ ಕೇಳಿದರು, ಇವರು ಪಟಪಟನೆ ಹೇಳಿದರು. ಆಮೇಲೆ ಒಂದು ಹಾಳೆ, ಒಂದು ಲಕೋಟೆ ಮುಂದಿಟ್ಟು, "ಇದನ್ನು ಮಡಿಸಿ ಒಳಗಿಟ್ಟು ಅಂಟಿಸಿಕೊಡಿ" ಎಂದರು. ನಮ್ಮವರು ಲಕೋಟೆಯನ್ನು ತೆಗೆದುಕೊಂಡು, ಅಂಚನ್ನು ಬಹಳ ಅಚ್ಚುಕಟ್ಟಾಗಿ ಒದ್ದೆ ಮಾಡಿ, ಒತ್ತಿ ಅಂಟಿಸಿದರು. ಆಮೇಲೆ ಹಾಳೆಯನ್ನು ಮಡಿಸಿದರು. ಮಡಿಸಿದ ಹಾಳೆಯನ್ನು ಹಿಡಿದುಕೊಂಡು ಅಂಟಿದ ಲಕೋಟೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಅಂಚಿನ ನೇರ ನೋಡಿದರೆ ಇಂಜಿನಿಯರ್ ಎಂದು ಯಾರಾದರೂ ಹೇಳಬೇಕು.

ಡಾಕ್ಟರು ಅವರ ಕೈಯಿಂದ ಮೆಲ್ಲಗೆ ಎರಡನ್ನೂ ತೆಗೆದುಕೊಂಡರು. ತಲೆಯ ಫೋಟೋ ತೆಗೆಸಿದ ಮೇಲೆ ಹಿಂದಿಯಲ್ಲಿ ನನಗೆ ವಿವರಿಸಿದರು. ಮಿದುಳಿನ ಒಂದು ಭಾಗ ಒಣಗುತ್ತಿದೆ. ಮೊದಲು ಕೆಲಸಗಳ ಹಿಂದು ಮುಂದು ಹೋಗುತ್ತದೆ, ಆಮೇಲೆ ಉಳಿದದ್ದು. ಮಾತ್ರೆ ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. "ನೋವು ಇರೋದಿಲ್ಲ" ಎಂದರು. ನಾನು ಅದನ್ನೂ ಸೆರಗಿಗೆ ಕಟ್ಟಿಕೊಂಡೆ. ನೋವು ಇರುವುದಿಲ್ಲ. ಅಷ್ಟಾದರೂ.

ಬಸ್ಸಿನಲ್ಲಿ ಬರುವಾಗ ಕೇಳಿದರು, "ಎಂತ ಹೇಳಿದ್ರು?" ನಾನು ಹೇಳಿದೆ. ಮುಚ್ಚಿಡಲಿಲ್ಲ. ಅವರು ಕಿಟಕಿಯ ಹೊರಗೆ ನೋಡುತ್ತಾ, "ಅದೇ ಅಂದ್ಕೊಂಡೆ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಪಾರ್ಟ್ಸ್ ಎಲ್ಲ ಉಂಟು. ಗೆರೆ ಇಲ್ಲ" ಎಂದರು. ಯಾವ ಗೆರೆ ಎಂದು ನಾನು ಕೇಳಲಿಲ್ಲ. ಚಿತ್ರದಲ್ಲಿ ಬಿಡಿ ಭಾಗಗಳ ನಡುವೆ ಅವರು ಎಳೆಯುತ್ತಿದ್ದ ಆ ಚುಕ್ಕಿಗೆರೆ ನನಗೆ ಗೊತ್ತಿತ್ತು.

ಅದರ ಮುಂದಿನ ಸೋಮವಾರ ಪಂಪನ್ನು ಅದೇ ಬೆಡ್‌ಶೀಟಿನಲ್ಲಿ ಕಟ್ಟಿ, ಆಟೋದಲ್ಲಿ ಇಬ್ಬರ ಕಾಲ ನಡುವೆ ಇಟ್ಟುಕೊಂಡು ಕಾರ್ಖಾನೆಗೆ ಹೋದೆವು. ಇಷ್ಟು ವರ್ಷದಲ್ಲಿ ನಾನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅವರ ಮೇಜಿನ ಮೇಲೆ ನಾನು ಕೊಟ್ಟ ಪುಟ್ಟ ಕೃಷ್ಣನ ಫೋಟೋ ಇತ್ತು. ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ ಮನುಷ್ಯ ಅದನ್ನು ಕಂಪ್ಯೂಟರಿನ ಮೂಲೆಗೆ ಅಂಟಿಸಿಕೊಂಡಿದ್ದರು.

ಅಧಿಕಾರಿಗಳು ಎದ್ದು ಬಂದರು. ನಮ್ಮವರು ಗಂಟನ್ನು ಮೇಜಿನ ಮೇಲೆ ಇಟ್ಟರು. "ಇದು ನನ್ನಿಂದ ಆಗಲಿಲ್ಲ. ಇನ್ನು ಆಗೋದಿಲ್ಲ" ಎಂದರು ಹಿಂದಿಯಲ್ಲಿ. "ನನ್ನ ಹಳೇ ಚಿತ್ರಗಳನ್ನೂ ಇನ್ನೊಬ್ಬರು ನೋಡಲಿ. ಎಂದಿನಿಂದ ತಪ್ಪುತ್ತಿದೆಯೋ ನನಗೆ ಗೊತ್ತಿಲ್ಲ. ಯಾರೋ ಮೆಕ್ಯಾನಿಕ್ ಅದನ್ನು ನಂಬಿ ಬಿಚ್ಚುತ್ತಾನೆ."

ಅಧಿಕಾರಿಗಳು ಕೂತು, ಒಂದೊಂದಾಗಿ ಭಾಗಗಳನ್ನು ಸಾಲು ಮಾಡಿದರು. ಪಂಪಿನ ಚಿತ್ರ ತೆರೆದು, ಇವರು ನಿಲ್ಲಿಸಿದಲ್ಲಿಂದ ಎಳೆಯತೊಡಗಿದರು. ಮಧ್ಯದಲ್ಲಿ ಹಳೆಯ ಅಭ್ಯಾಸದಿಂದ ತಿರುಗಿ, "ಸರ್‌ಜಿ, ಇದರ ನಂತರ?" ಎಂದು ಕೇಳಿಬಿಟ್ಟರು. ಕೇಳಿದ ಮೇಲೆ ಮುಖ ಕೆಂಪಾಯಿತು.

"ನಿನಗೆ ಕಲಿಸಿದ್ದೇನಲ್ಲ" ಎಂದರು ನಮ್ಮವರು. "ನೀನೇ ಹೇಳು."

ಮುಗಿದ ಮೇಲೆ ಮೌಸನ್ನು ಇವರ ಕಡೆ ಸರಿಸಿದರು. ನಮ್ಮವರು ಮುಚ್ಚುವ ಗುಂಡಿ ಒತ್ತಿದರು. ಶಾಫ್ಟ್ ಹೋಯಿತು, ಬೇರಿಂಗ್ ಹೋಯಿತು, ಬಳೆ ಹೋಯಿತು, ಒಂದೊಂದೇ ತಮ್ಮ ತಮ್ಮ ಜಾಗಕ್ಕೆ ಹೋದವು. ಕೊನೆಗೆ ಮುಚ್ಚಳ. "ಇನ್ನೊಂದು ಸಲ" ಎಂದರು. ಅಧಿಕಾರಿಗಳು ಇನ್ನೊಂದು ಸಲ ತೋರಿಸಿದರು. ಮೂರನೇ ಸಲವೂ ತೋರಿಸಿದರು. ಆಮೇಲೆ ನಾನು ಕೃಷ್ಣನನ್ನು ಮೆಲ್ಲಗೆ ಕಿತ್ತು ಪರ್ಸಿನಲ್ಲಿ ಹಾಕಿಕೊಂಡೆ.

ಕುರ್ಚಿ ಹೋಯಿತು. ಅನಾರೋಗ್ಯದ ರಾಜೀನಾಮೆ ಎಂದು ಬರೆಸಿಕೊಂಡು ಬಿಟ್ಟರು, ತಪ್ಪು ಮಾಡಿದ್ದಕ್ಕೆ ತೆಗೆದದ್ದು ಎಂದು ಬರೆಯಲಿಲ್ಲ. ಅಷ್ಟು ಮರ್ಯಾದೆ ಉಳಿಯಿತು.

ಅವರು ಆಮೇಲೆ ಬಾಳಿದ ಕಾಲದ ಬಗ್ಗೆ ಎಲ್ಲವನ್ನೂ ಬರೆಯಲಾರೆ. ಬರೆಯುವಂಥದ್ದೂ ಅಲ್ಲ. ಅಂಗಿ ತೊಡಿಸುವುದು, ಅನ್ನದ ಮೊದಲು ಕೈ ತೊಳೆಸುವುದು, ನಲ್ಲಿ ತಿರುಗಿಸಿದ ಮೇಲೆ ಬಕೆಟ್ ಇಡಬಾರದು ಎಂದು ದಿನಾ ಹೇಳುವುದು. ಮೊದಲು ಕೆಲಸದ ಕ್ರಮ ಹೋಯಿತು, ಡಾಕ್ಟರು ಹೇಳಿದ ಹಾಗೆ ಉಳಿದದ್ದೂ ಹಿಂದೆಯೇ ಹೋಯಿತು. ಹೆಸರುಗಳು ಕೊನೆಯವರೆಗೂ ಇದ್ದವು. ನನ್ನ ಹೆಸರೂ ಇತ್ತು. ಎಷ್ಟೋ ಹೆಂಗಸರಿಗೆ ಅದೂ ಸಿಗುವುದಿಲ್ಲವಂತೆ.

ಗುರುವಾರದ ಕೆಲಸ ಮಾತ್ರ ಬಿಡಲಿಲ್ಲ. ನಾನು ದೀಪವನ್ನು ಬಿಚ್ಚಿ, ತಿಕ್ಕಿ, ತೊಳೆದು, ಅದೇ ಹಳೇ ಬೆಡ್‌ಶೀಟಿನ ಮೇಲೆ ಅವರ ಮುಂದೆ ಇಡುತ್ತಿದ್ದೆ. ಈಗ ಜೋಡಿಸುವುದು ನಾನು, ತುಂಡುಗಳನ್ನು ಎತ್ತಿ ಕೊಡುವುದು ಅವರು. ಅವರು ಯಾವಾಗಲೂ ಮೊದಲು ಹಂಸವನ್ನೇ ಎತ್ತುತ್ತಿದ್ದರು. ಹೊಳೆಯುವುದು ಅದೇ ಅಲ್ಲವೇ. ನಾನು ಬೇಡ ಎನ್ನುತ್ತಿರಲಿಲ್ಲ. ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ಬಟ್ಟಲು ಕೊಡುತ್ತಿದ್ದರು, ಅದೂ ಮಡಿಲಿಗೆ. ಕಂಬದ ತುಂಡು, ತಟ್ಟೆ, ಒಂದೊಂದೂ ಮಡಿಲಿಗೆ. ಪೀಠ ಭಾರ, ಅದನ್ನು ಕೊನೆಗೆ ಎತ್ತುತ್ತಿದ್ದರು, ಕೆಲವು ಸಲ ಎತ್ತಲು ಬಹಳ ಹೊತ್ತು ಹಿಡಿಯುತ್ತಿತ್ತು. ನಾನು ಕಾಯುತ್ತಾ ಕೂತಿರುತ್ತಿದ್ದೆ. ಪೀಠ ಕೈಗೆ ಬಂದ ಮೇಲೆ ಅದನ್ನು ನೆಲದ ಮೇಲಿಟ್ಟು, ಮಡಿಲಿನಿಂದ ಒಂದೊಂದಾಗಿ ತೆಗೆದು ತಿರುಪುತ್ತಾ ಮೇಲಕ್ಕೆ ಹೋಗುತ್ತಿದ್ದೆ. ಅವರು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಹಂಸ ಕೂತ ಮೇಲೆ, ಒಂದೊಂದು ಗುರುವಾರ, "ಇನ್ನೊಂದು ಸಲ" ಎನ್ನುತ್ತಿದ್ದರು.

ನಾನು ಮತ್ತೆ ಬಿಚ್ಚುತ್ತಿದ್ದೆ.